ಫಿಲಿಪ್ಪೀನ್ಸ್ ಜನರ ಸ್ವಂತ ಹಾಡು

2025ರ ತಪಸ್ಸುಕಾಲ ಮುಗಿಯುತ್ತ ಬಂದ ದಿನಗಳಿಂದ ಮೇ ತಿಂಗಳ ಕೊನೆಯ ವಾರದವರೆಗೆ, ಏಳು ವಾರಗಳೂ ತುಂಬದ ಅವಧಿಯಲ್ಲಿ, ಫಿಲಿಪ್ಪೀನ್ಸ್ ದೇಶವು ತನ್ನ ನಾಲ್ವರು ಹಿರಿಯ ಗಾಯಕರನ್ನು ಕಳೆದುಕೊಂಡಿತು. 'ಏಷ್ಯಾದ ಗಾನರಾಣಿ' ಎಂದು ಹೆಸರಾಗಿದ್ದ ಪಿಲಿಟಾ ಕೊರಾಲೆಸ್ ಏಪ್ರಿಲ್ 12ರಂದು, ಗರಿಗಳ ಭಾನುವಾರದ ಮುನ್ನಾದಿನ, 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪವಿತ್ರ ವಾರದ ಬುಧವಾರ, ಏಪ್ರಿಲ್ 16ರಂದು, ನೋರಾ ಔನೋರ್ ಕಣ್ಮುಚ್ಚಿದರು. ಪಾಸ್ಖ ಹಬ್ಬದ ಮರುದಿನ, ಜಗದ್ಗುರು ಪೋಪ್ ಫ್ರಾನ್ಸಿಸರು ದೈವಾಧೀನರಾದ ಏಪ್ರಿಲ್ 21ರಂದೇ, ಹಾಜಿ ಅಲೆಹಾಂಡ್ರೊ ನಿಧನರಾದರು. ಮೇ 27ರಂದು ಫ್ರೆಡ್ಡಿ ಅಗಿಲಾರ್ ಹೋದರು. ಜಗತ್ತಿನ ಕಥೋಲಿಕರೆಲ್ಲರ ಗಮನ ರೋಮ್ ನಗರದತ್ತ ನೆಟ್ಟಿದ್ದ ಆ ದಿನಗಳಲ್ಲಿ ಈ ಸುದ್ದಿಗಳು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರಿಗೆ ಮಾತ್ರ ತಮ್ಮೊಡನೆ ದುಡಿಯುವ ಫಿಲಿಪ್ಪೀನ್ಸ್ ಸಹೋದರ ಸಹೋದರಿಯರ ಮುಖ ನೋಡಿ ವಿಷಯ ತಿಳಿದಿರಬಹುದು.

ಸಿನಿಮಾ ಹಾಡುಗಾರರ, ಬ್ಯಾಂಡಿನವರ ವಿಷಯಕ್ಕೆ ಈ ಅಂಕಣದಲ್ಲಿ ಏನು ಕೆಲಸ ಎಂದು ಕೆಲವರು ಕೇಳಿಯಾರು. ಏಷ್ಯಾ ಖಂಡದ ಅತಿ ದೊಡ್ಡ ಕಥೋಲಿಕ ಜನಾಂಗ ಫಿಲಿಪ್ಪೀನ್ಸಿನದು. ಆ ದೇಶದ ಪ್ರತಿ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ ನಮ್ಮ ವಿಶ್ವಾಸದವರು. ಆ ಜನ ತಮ್ಮ ಹಾಡನ್ನು ಹೇಗೆ ಕಳೆದುಕೊಂಡಿದ್ದರು, ಹೇಗೆ ಮರಳಿ ಪಡೆದರು ಎಂಬ ಕಥೆಯಲ್ಲಿ ಧರ್ಮಸಭೆಗೂ ಒಂದು ಪಾತ್ರವಿದೆ, ಕುಟುಂಬಕ್ಕೂ ಒಂದು ಪಾತ್ರವಿದೆ. ಆದುದರಿಂದ ವಿಷಯ ನಮಗೆ ಹೊರತಾದುದಲ್ಲ.

ಫಿಲಿಪ್ಪೀನ್ಸಿನವರನ್ನು ಕುರಿತು ಒಂದು ಹಳೆಯ ತಾತ್ಸಾರದ ಮಾತು ಪ್ರಚಾರದಲ್ಲಿದೆ: ಅವರು ಹುಟ್ಟು ಅನುಕರಣಕಾರರು, ಯಾರ ಹಾಡನ್ನಾದರೂ ಯಥಾವತ್ತಾಗಿ ಹಾಡಬಲ್ಲರು, ಆದರೆ ತಮ್ಮದೆಂಬುದು ಏನೂ ಇಲ್ಲ. ಈ ಮಾತಿಗೆ ಕಾರಣವಿಲ್ಲದಿಲ್ಲ. 1565ರಿಂದ 1898ರವರೆಗೆ ಸ್ಪೇನಿನ ಆಳ್ವಿಕೆ, ಅನಂತರ 1946ರವರೆಗೆ, ನಡುವಿನ ಜಪಾನೀ ಆಕ್ರಮಣದ ವರ್ಷಗಳನ್ನು ಬಿಟ್ಟರೆ, ಅಮೆರಿಕದ ಆಳ್ವಿಕೆ. ಸ್ಪೇನಿನ ಸನ್ಯಾಸಿ ಗುರುಗಳು ಊರೂರಿನ ಚರ್ಚುಗಳಲ್ಲಿ ಗಾಯನವೃಂದಗಳನ್ನು ಕಟ್ಟಿ ಹುಡುಗರಿಗೆ ಪಾಶ್ಚಾತ್ಯ ಸ್ವರಲಿಪಿ ಕಲಿಸಿದರು. ಗೋವೆಯಲ್ಲಿ ಪೋರ್ಚುಗೀಸರ ಚರ್ಚು ಶಾಲೆಗಳು ಮಾಡಿದ್ದೂ ಇದೇ ಕೆಲಸ. ಮುಂಬೈಯ ಹೋಟೆಲುಗಳಲ್ಲೂ ಸಿನಿಮಾ ವಾದ್ಯಗೋಷ್ಠಿಗಳಲ್ಲೂ ಗೋವೆಯ ವಾದಕರು ತುಂಬಿದ್ದಂತೆ ಶಾಂಘೈ, ಹಾಂಗ್‌ಕಾಂಗ್ ನಗರಗಳ ನೃತ್ಯಶಾಲೆಗಳಲ್ಲಿ ಮನಿಲಾದ ವಾದಕರು ತುಂಬಿದರು. ಚರ್ಚಿನಲ್ಲಿ ಕಲಿತ ವಿದ್ಯೆ ಹೊಟ್ಟೆಪಾಡಿಗೆ ನೆರವಾಯಿತು. ಹೋಟೆಲಿಗೆ ಬಂದವನಿಗೆ ತನ್ನ ಊರಿನ ಹಾಡು ಬೇಕು, ವಾದಕನ ಊರಿನದಲ್ಲ. ಹೀಗೆ ಇನ್ನೊಬ್ಬರ ಹಾಡನ್ನು ಇನ್ನೊಬ್ಬರಿಗಿಂತ ಚೆನ್ನಾಗಿ ಹಾಡುವುದೇ ಒಂದು ಕಸುಬಾಯಿತು. ಈ ಕಸುಬನ್ನು ಹೀಗಳೆಯುವ ಅಧಿಕಾರ ನಮಗಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಮನಿಲಾದ ಬೀದಿಗಳಲ್ಲಿ ಮಲಗಿ ಬೆಳೆದ ಆರ್ನೆಲ್ ಪಿನೇಡಾ ಎಂಬವರು ಅಮೆರಿಕದ 'ಜರ್ನಿ' ಬ್ಯಾಂಡಿನ ಹಾಡುಗಳನ್ನು ಹಾಡುತ್ತಿದ್ದುದನ್ನು ಕೇಳಿ ಆ ಬ್ಯಾಂಡಿನವರೇ 2007ರಲ್ಲಿ ಅವರನ್ನು ತಮ್ಮ ಮುಖ್ಯ ಗಾಯಕರನ್ನಾಗಿ ಕರೆಸಿಕೊಂಡರು. ಅದು ಸಾಧಾರಣ ಸಾಧನೆಯಲ್ಲ.

ಆದರೆ ಎರವಲು ತಂದ ವಿದ್ಯೆಯನ್ನು ಆ ನೆಲದ ಮಣ್ಣಿಗೆ ಹೊಂದಿಸಿದ ದೃಷ್ಟಾಂತವೂ ಬಹಳ ಹಿಂದೆಯೇ ಅಲ್ಲಿದೆ. ಮನಿಲಾಕ್ಕೆ ಸಮೀಪದ ಲಾಸ್ ಪಿನ್ಯಾಸ್ ಎಂಬಲ್ಲಿನ ಚರ್ಚಿಗೆ ಆರ್ಗನ್ ಬೇಕಾದಾಗ ಅಲ್ಲಿನ ವಿಚಾರಣೆಯ ಗುರು ದಿಯೇಗೊ ಸೇರಾ ಎಂಬವರು 1816ರಲ್ಲಿ ಬಿದಿರನ್ನು ಕಡಿಸಿ, ಹುಳ ಹಿಡಿಯದಂತೆ ಮರಳಿನಲ್ಲಿ ಹೂಳಿಸಿಟ್ಟು, ಅದರಿಂದಲೇ ಕೊಳವೆಗಳನ್ನು ಮಾಡಿಸಿದರು. 1824ರಲ್ಲಿ ಪೂರ್ಣಗೊಂಡ ಆ ವಾದ್ಯದ 1,031 ಕೊಳವೆಗಳಲ್ಲಿ 902 ಬಿದಿರಿನವು. ಭೂಕಂಪ, ಬಿರುಗಾಳಿಗಳ ಹೊಡೆತಕ್ಕೆ ಸಿಕ್ಕಿ ಕೆಟ್ಟಿದ್ದ ಅದನ್ನು 1970ರ ದಶಕದಲ್ಲಿ ಜರ್ಮನಿಗೆ ಕೊಂಡೊಯ್ದು ದುರಸ್ತಿಗೊಳಿಸಿ 1975ರಲ್ಲಿ ಹಿಂದಕ್ಕೆ ತಂದರು. ಅದು ಇಂದಿಗೂ ನುಡಿಯುತ್ತಿದೆ.

ಕಾಕತಾಳೀಯವೋ ಏನೋ, ಜನಪ್ರಿಯ ಸಂಗೀತದಲ್ಲಿಯೂ ಬಿದಿರಿನ ದನಿ ಕೇಳಿಬಂದದ್ದು ಅದೇ ವರ್ಷಗಳಲ್ಲಿ. ಅದಕ್ಕೆ ಮುಂಚೆ ಮನಿಲಾದ ಆಕಾಶವಾಣಿ ಕೇಂದ್ರಗಳಲ್ಲಿ ದಿನವಿಡೀ ಅಮೆರಿಕದ ಹಾಡುಗಳೇ. ಸ್ಥಳೀಯ ಗಾಯಕರನ್ನು ಸಹ 'ಫಿಲಿಪ್ಪೀನ್ಸಿನ ಎಲ್ವಿಸ್' ಎಂಬಂಥ ಬಿರುದುಗಳಿಂದಲೇ ಕರೆಯುತ್ತಿದ್ದರು. ನೋರಾ ಔನೋರ್ ಅವರ ಉದಾಹರಣೆಯನ್ನೇ ನೋಡಬಹುದು. ಬಿಕೋಲ್ ಪ್ರಾಂತ್ಯದ ಇರಿಗಾ ಎಂಬ ಊರಿನ ಬಡ ಕುಟುಂಬದ ಮಗಳು. ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕುಡಿಯುವ ನೀರು ಮಾರುತ್ತಿದ್ದ ಹುಡುಗಿ 1967ರಲ್ಲಿ ರಾಷ್ಟ್ರೀಯ ಗಾಯನ ಸ್ಪರ್ಧೆಯಲ್ಲಿ ಗೆದ್ದು ಮನೆಮಾತಾದಳು. ಬಿಳಿಯ ಚರ್ಮದ ಮಿಶ್ರ ವಂಶದವರಿಗಷ್ಟೇ ತೆರೆದಿದ್ದ ಸಿನಿಮಾರಂಗದಲ್ಲಿ ಆ ಕಂದುಬಣ್ಣದ ಹುಡುಗಿ ನಾಯಕಿಯಾದದ್ದು ಒಂದು ಸಾಮಾಜಿಕ ಕ್ರಾಂತಿಯೇ ಸರಿ. ಆದರೆ ಆಕೆಗೆ ದೊಡ್ಡ ಹೆಸರು ತಂದ ಧ್ವನಿಮುದ್ರಿಕೆ ಕೂಡ ಇಂಗ್ಲಿಷಿನದು. ಮುಖ ಸ್ವಂತದ್ದಾದರೂ ನಾಲಗೆ ಎರವಲಿನದಾಗಿತ್ತು. (1982ರಲ್ಲಿ ಆಕೆ ನಟಿಸಿದ, ಇಷ್ಮಾಯೆಲ್ ಬೆರ್ನಾಲ್ ನಿರ್ದೇಶನದ 'ಹಿಮಾಲಾ' ಎಂಬ ಚಿತ್ರವು ದೇವಮಾತೆಯ ದರ್ಶನವಾಯಿತೆಂದು ಹೇಳುವ ಹಳ್ಳಿಯ ಹೆಣ್ಣೊಬ್ಬಳ ಕಥೆ. ದರ್ಶನ, ಪವಾಡಗಳ ಸುದ್ದಿ ಕೇಳಿದೊಡನೆ ಬಸ್ಸು ಹತ್ತುವ ನಮ್ಮ ಜನ ಒಮ್ಮೆ ನೋಡಬೇಕಾದ ಚಿತ್ರ ಅದು.)

1972ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸ್ ಸೈನಿಕ ಶಾಸನವನ್ನು ಹೇರಿದರು. ಆ ಸರ್ಕಾರದ ಪಾಪಗಳ ಪಟ್ಟಿ ಉದ್ದವಾಗಿದೆ. ಆದರೆ 1975ರಲ್ಲಿ ಪ್ರಸಾರ ಮಂಡಳಿ ಹೊರಡಿಸಿದ ಒಂದು ಆಜ್ಞೆಯನ್ನು ಇಲ್ಲಿ ಹೇಳದೆ ನಿರ್ವಾಹವಿಲ್ಲ. ಪ್ರತಿಯೊಂದು ಆಕಾಶವಾಣಿ ಕೇಂದ್ರವೂ ಗಂಟೆಗೆ ಕನಿಷ್ಠ ಒಂದಾದರೂ ದೇಶೀಯ ಹಾಡನ್ನು ಹಾಕತಕ್ಕದ್ದು ಎಂಬುದೇ ಆ ಆಜ್ಞೆ. ಮುಂದೆ ಆ ಸಂಖ್ಯೆಯನ್ನು ಹೆಚ್ಚಿಸಲಾಯಿತು. ಪ್ರಜಾಪ್ರಭುತ್ವ ಮರಳಿದ ಮೇಲೆ 1987ರಲ್ಲಿ ಅಧ್ಯಕ್ಷೆ ಕೊರಾಜನ್ ಅಕಿನೊ ಅದನ್ನು ಗಂಟೆಗೆ ನಾಲ್ಕಕ್ಕೆ ಏರಿಸಿದರು. ಗಂಟೆಗೊಂದು ಹಾಡು! ಕೇಳಲು ನಗೆ ಬರಬಹುದು. ಆದರೆ ಅಷ್ಟು ಹಾಡುಗಳು ಬೇಕೆಂದಾಗ ಅವನ್ನು ಬರೆಯುವವರೂ ಬೇಕಾದರು. ಹಾಟ್‌ಡಾಗ್ ಎಂಬ ಬ್ಯಾಂಡಿನ ಗಾರ್ಸಿಯಾ ಸಹೋದರರು ಬೀದಿಯಲ್ಲಿ ಯುವಕರು ಆಡುವ, ಟಗಾಲೊಗ್ ಮತ್ತು ಇಂಗ್ಲಿಷ್ ಬೆರೆತ ಮಾತಿನಲ್ಲೇ ಪ್ರೇಮಗೀತೆಗಳನ್ನು ಹೊಸೆದರು. ಹುವಾನ್ ದೆ ಲಾ ಕ್ರೂಸ್ ಬ್ಯಾಂಡಿನವರು ರಾಕ್ ಸಂಗೀತವನ್ನು ಟಗಾಲೊಗ್ ಭಾಷೆಯಲ್ಲಿ ಹಾಡಬಹುದೆಂಬುದನ್ನು ಅದಕ್ಕೂ ಮೊದಲೇ ತೋರಿಸಿದ್ದರು. ಶುದ್ಧ ಭಾಷೆಯ ಪಂಡಿತರಿಗೆ ಇವೆಲ್ಲ ಕರ್ಕಶವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಮನಿಲಾದ ಟಗಾಲೊಗ್ ಬೆಳೆದ ರಭಸದಲ್ಲಿ ಸೆಬುವಾನೊ, ಇಲೊಕಾನೊ ಮೊದಲಾದ ಸೋದರ ಭಾಷೆಗಳು ಹಿಂದೆ ಬಿದ್ದವು ಎಂಬ ದೂರೂ ನ್ಯಾಯವಾದುದೇ. ಸೆಬು ದ್ವೀಪದವರಾದ ಪಿಲಿಟಾ ಕೊರಾಲೆಸ್ ತಮ್ಮ ತಾಯ್ನುಡಿಯ ಹಾಡುಗಳನ್ನು ಕೊನೆಯವರೆಗೂ ಬಿಡದೆ ಉಳಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ಸ್ಮರಿಸಬೇಕು.

ಈ ಪೀಳಿಗೆಯಲ್ಲಿ ನಮಗೆ ಹೆಚ್ಚು ಹತ್ತಿರದವರು ಅಪೊ ಹೈಕಿಂಗ್ ಸೊಸೈಟಿಯ ಮೂವರು: ಡ್ಯಾನಿ ಹಾವಿಯೆರ್, ಜಿಮ್ ಪರೇದೆಸ್, ಬೊಬೊಯ್ ಗರೊವಿಲ್ಲೊ. ಯೇಸುಸಭೆಯ ಗುರುಗಳು ನಡೆಸುವ ಅತೆನೆಯೊ ದೆ ಮನಿಲಾ ವಿದ್ಯಾಸಂಸ್ಥೆಯಲ್ಲಿ 1969ರಲ್ಲಿ ಗೆಳೆಯರ ದೊಡ್ಡ ಗುಂಪಾಗಿ ಆರಂಭವಾದದ್ದು ಕ್ರಮೇಣ ಮೂವರಲ್ಲಿ ನಿಂತಿತು. ಹೆಸರಿನಲ್ಲೇ ಒಂದು ಹುಡುಗಾಟವಿದೆ. 'ಅಪೊ' ಎಂದರೆ ಸ್ವಾತಂತ್ರ್ಯ ಹೋರಾಟದ ಚಿಂತಕ ಅಪೊಲಿನಾರಿಯೊ ಮಾಬಿನಿ. ಪಾರ್ಶ್ವವಾಯುವಿನಿಂದ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಮಹನೀಯನ ಹೆಸರಿನಲ್ಲಿ ಚಾರಣ ಸಂಘ! ಹಾಸ್ಯವನ್ನು ಬಿಡದೆ ಸಂಸಾರದ, ಗೆಳೆತನದ, ಮಳೆಯ, ಮಕ್ಕಳಿಗೆ ಹೇಳುವ ಬುದ್ಧಿಮಾತಿನ ಹಾಡುಗಳನ್ನು ನಾಲ್ಕು ದಶಕಗಳ ಕಾಲ ಹಾಡಿ 2010ರಲ್ಲಿ ಅವರು ತಂಡವಾಗಿ ನಿವೃತ್ತರಾದರು. ದೇಶೀಯ ಸಂಗೀತಕ್ಕೆ 'ಓ.ಪಿ.ಎಂ.' ಎಂಬ ಹೆಸರು ಬಳಕೆಗೆ ಬಂದದ್ದು 2022ರಲ್ಲಿ ತೀರಿಕೊಂಡ ಡ್ಯಾನಿ ಹಾವಿಯೆರ್ ಅವರಿಂದ ಎಂದು ಹೇಳಲಾಗುತ್ತದೆ. ಮನೆಮಂದಿ ಒಟ್ಟಿಗೆ ಕುಳಿತು ಕೇಳಬಹುದಾದ ಹಾಡು ನೀರಸವಾಗಿರಬೇಕಾಗಿಲ್ಲ ಎಂಬುದಕ್ಕೆ ಈ ಮೂವರಿಗಿಂತ ಉತ್ತಮ ಸಾಕ್ಷಿಯನ್ನು ನಾನರಿಯೆ.

ಇನ್ನು ಫ್ರೆಡ್ಡಿ ಅಗಿಲಾರ್. 1978ರಲ್ಲಿ ಮನಿಲಾದಲ್ಲಿ ಪ್ರಥಮ ಬಾರಿಗೆ ನಡೆದ ಜನಪ್ರಿಯ ಸಂಗೀತ ಸ್ಪರ್ಧೆಯಲ್ಲಿ ಬಹುಮಾನ ಪಡೆದದ್ದು ರಯಾನ್ ಕಯಾಬ್ಯಾಬ್ ರಚಿಸಿ ಹಾಜಿ ಅಲೆಹಾಂಡ್ರೊ ಹಾಡಿದ ಹಾಡು. 'ನಮ್ಮ ಸಂಗೀತ ಎಷ್ಟು ಸುಂದರ' ಎಂಬುದು ಅದರ ಶೀರ್ಷಿಕೆಯ ಅರ್ಥ. ಬಹುಮಾನ ಬಾರದೆ ಹೋದ ಇನ್ನೊಂದು ಹಾಡಿನ ಹೆಸರು 'ಅನಾಕ್'. ಅಂದರೆ 'ಮಗು'. ನೀಳ ಕೂದಲಿನ, ಮುರಿದ ಮನಸ್ಸಿನ ಯುವಕನೊಬ್ಬ ಗಿಟಾರ್ ಹಿಡಿದು ಹಾಡಿದ ಆ ಹಾಡು ಮುಂದೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡು ಏಷ್ಯಾ, ಯೂರೋಪುಗಳನ್ನೆಲ್ಲ ಸುತ್ತಿತು. ತೀರ್ಪುಗಾರರ ತೀರ್ಪು ಒಂದಾದರೆ ಕಾಲದ ತೀರ್ಪು ಇನ್ನೊಂದು.

ಆ ಹಾಡು ಕಲ್ಪನೆಯಲ್ಲಿ ಹುಟ್ಟಿದ್ದಲ್ಲ. ಮಗ ಓದಿ ದೊಡ್ಡ ವ್ಯಕ್ತಿಯಾಗಬೇಕೆಂದು ತಂದೆಯ ಆಸೆ. ಮಗ ಓದನ್ನು ಅರ್ಧಕ್ಕೆ ಬಿಟ್ಟು, ಹದಿನೆಂಟರ ಹರೆಯದಲ್ಲಿ ಮನೆ ತೊರೆದು, ಜೂಜಿಗೆ ಬಿದ್ದು, ಕೊನೆಗೆ ಪಶ್ಚಾತ್ತಾಪದಿಂದ ಮರಳಿ ಬಂದು ಬರೆದ ಹಾಡು ಅದು. ಮಗು ಹುಟ್ಟಿದಾಗ ತಂದೆತಾಯಿಯರಿಗಾದ ಆನಂದ, ನಡುರಾತ್ರಿ ಎದ್ದು ಹಾಲು ಕಾಯಿಸುವ ತಾಯಿ, ಬೆಳೆದ ಮೇಲೆ ಮಾತು ಕೇಳದೆ ತನ್ನ ದಾರಿ ಹಿಡಿದ ಮಗು, ದುರಭ್ಯಾಸಗಳ ಕೆಸರು, ಕಡೆಗೆ ಕಣ್ಣೀರು. ಸಂತ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಕಥೆ ಹೊಸದಲ್ಲ. ಆದರೆ ಎರಡರ ನಡುವೆ ವ್ಯತ್ಯಾಸವಿದೆ. ಪ್ರಭುವಿನ ಸಾಮತಿಯಲ್ಲಿ ತಂದೆ ದೂರದಿಂದಲೇ ಮಗನನ್ನು ಕಂಡು ಓಡಿಬರುತ್ತಾನೆ. ಉಂಗುರ, ಹೊಸ ಅಂಗಿ, ಔತಣ ಎಲ್ಲವೂ ಇದೆ. ಅಗಿಲಾರರ ಹಾಡಿನಲ್ಲಿ ಮಗು ಮೊದಲು ಹುಡುಕಿಕೊಂಡು ಹೋಗುವುದು ತಾಯಿಯನ್ನು. ಅಲ್ಲಿ ಔತಣವಿಲ್ಲ, 'ಹೀಗೇಕಾದೆ' ಎಂಬ ತಾಯಿಯ ಪ್ರಶ್ನೆಯಿದೆ. ಅಪ್ಪುಗೆಯವರೆಗೂ ಹಾಡು ಹೋಗುವುದಿಲ್ಲ. ಪಶ್ಚಾತ್ತಾಪದ ಹೊಸ್ತಿಲಲ್ಲೇ ಅದು ನಿಂತುಬಿಡುತ್ತದೆ. ಕ್ಷಮೆ ಸಿಕ್ಕಿತೆಂದು ಸಲೀಸಾಗಿ ಹೇಳಿ ಮುಗಿಸದೆ ಇದ್ದುದರಿಂದಲೇ ಅದು ಅಷ್ಟು ಮಂದಿ ತಂದೆತಾಯಿಯರನ್ನೂ ಮಕ್ಕಳನ್ನೂ ತಟ್ಟಿತೆಂದು ನನಗೆ ತೋರುತ್ತದೆ.

ಹಾಡಿದವನ ಮುಂದಿನ ಬಾಳು ಹಾಡಿನಷ್ಟು ಶುಭ್ರವಾಗಿ ಉಳಿಯಲಿಲ್ಲ. 2013ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಅವರು ಹದಿನಾರು ವರ್ಷದ ಬಾಲೆಯೊಡನೆ ಸಂಬಂಧ ಬೆಳೆಸಿ, ಇಸ್ಲಾಂ ಮತವನ್ನು ಸ್ವೀಕರಿಸಿ ಆಕೆಯನ್ನು ವಿವಾಹವಾದರು. ದೇಶವೆಲ್ಲ ಅದನ್ನು ಚರ್ಚಿಸಿತು. ಮತ ಬದಲಾಯಿಸುವುದು ಅವರವರ ಆತ್ಮಸಾಕ್ಷಿಗೆ ಸಂಬಂಧಿಸಿದ ವಿಷಯ. ಅದರ ಬಗ್ಗೆ ನಾನು ಏನೂ ಹೇಳಲಾರೆ. ಆದರೆ ಹದಿನಾರರ ಹುಡುಗಿಯ ವಿಷಯದಲ್ಲಿ ಮೌನವಾಗಿರುವುದು ಸರಿಯಲ್ಲ. 'ಮಗು' ಎಂದು ಹಾಡಿ ಜಗತ್ತನ್ನು ಅಳಿಸಿದವರು ಮಾಡತಕ್ಕ ಕೆಲಸ ಅದಾಗಿರಲಿಲ್ಲ. ಹಾಗಾದರೆ ಹಾಡನ್ನು ಬಿಸುಡಬೇಕೇ? ನಮ್ಮ ಕುಟುಂಬಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಏಳುತ್ತಲೇ ಇರುತ್ತದೆ: ಕುಡಿಯುವವನು ಬರೆದ ಭಕ್ತಿಗೀತೆ, ಚರ್ಚು ಬಿಟ್ಟವನು ಕಟ್ಟಿದ ರಾಗ. ಕೀರ್ತನೆಗಳನ್ನು ರಚಿಸಿದನೆಂದು ನಾವು ನಂಬುವ ದಾವೀದನ ಚರಿತ್ರೆಯನ್ನು ಓದಿದವರು ಈ ವಿಷಯದಲ್ಲಿ ಅವಸರದ ತೀರ್ಪು ಕೊಡಲಾರರು. ಹಾಡನ್ನು ಉಳಿಸಿಕೊಳ್ಳೋಣ. ಹಾಡಿದವರನ್ನು ಸಂತರ ಪೀಠದ ಮೇಲೆ ಕೂರಿಸದಿದ್ದರಾಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗಂಟೆಗೊಂದು ದೇಶೀಯ ಹಾಡು ಎಂದು ಆಜ್ಞೆ ಮಾಡಿದ ಸರ್ಕಾರವೇ ಅದಕ್ಕೆ ಒಂದು ವರ್ಷ ಮೊದಲು, 1974ರ ಕಾರ್ಮಿಕ ಸಂಹಿತೆಯ ಮೂಲಕ, ತನ್ನ ಪ್ರಜೆಗಳನ್ನು ದುಡಿಮೆಗಾಗಿ ಹೊರನಾಡಿಗೆ ಕಳುಹಿಸುವ ವ್ಯವಸ್ಥೆಯನ್ನು ಕಟ್ಟಿತು. ದೇಶದ ಹಾಡು ದೇಶದೊಳಗೆ ಗಟ್ಟಿಯಾಗುತ್ತಿದ್ದಂತೆ ಹಾಡು ಕೇಳಬೇಕಾದವರು ವಿಮಾನ ಹತ್ತಿದರು. ಹಾಟ್‌ಡಾಗ್ ತಂಡದ ಬಹು ಪ್ರಸಿದ್ಧ ಹಾಡು ಅನೇಕ ನಾಡು ಸುತ್ತಿ ಬೇಸತ್ತವನೊಬ್ಬ ಮನಿಲಾಕ್ಕಾಗಿ ಹಂಬಲಿಸುವುದನ್ನು ಕುರಿತದ್ದು. ಕುಣಿಸುವ ತಾಳದಲ್ಲಿ ಅಗಲಿಕೆಯ ನೋವು. 1980ರ ದಶಕದಲ್ಲಿ ರೊಯೆಲ್ ಕೊರ್ಟೆಸ್ ಎಂಬವರ ಹಾಡೊಂದು ಇನ್ನೂ ನೇರವಾಗಿ ಮಾತಾಡಿತು. ಸೌದಿಯ ಮರಳುಗಾಡಿನಲ್ಲಿ ದುಡಿಯುವವನೊಬ್ಬ ಆಕಾಶವಾಣಿಯಲ್ಲಿ ಜನರ ಕಷ್ಟಸುಖಗಳಿಗೆ ಸಲಹೆ ಕೊಡುತ್ತಿದ್ದ 'ಎಡ್ಡಿ ಅಣ್ಣ'ನಿಗೆ ತನ್ನ ಸಂಸಾರ ಮುರಿದ ಕಥೆಯನ್ನು ಹೇಳಿಕೊಳ್ಳುವ ಹಾಡು ಅದು. ವಿಮರ್ಶಕರು ಅದನ್ನು ಅಗ್ಗದ ಕಣ್ಣೀರೆಂದು ಬದಿಗೊತ್ತಿಯಾರು. ಆದರೆ ಗಂಡ ದುಬಾಯಿಯಲ್ಲಿ, ಹೆಂಡತಿ ಊರಿನಲ್ಲಿ, ಮಕ್ಕಳು ಅಜ್ಜಿಯ ಮಡಿಲಲ್ಲಿ ಎಂಬ ಸಂಸಾರಗಳನ್ನು ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಎಣಿಸಲು ಹೊರಟರೆ ಎರಡು ಕೈ ಬೆರಳು ಸಾಲವು. ಆ ದುಃಖಕ್ಕೆ ಅವರು ಹಾಡು ಕಟ್ಟಿದರು. ನಾವು ಹೆಚ್ಚಾಗಿ ಮನೆ ಕಟ್ಟಿದೆವು.

ಕೊಲ್ಲಿಯ ಚರ್ಚುಗಳಲ್ಲಿ ಈ ಎರಡು ಜನಾಂಗಗಳೂ ಒಂದೇ ಬೆಂಚಿನಲ್ಲಿ ಕೂರುತ್ತವೆ. 1967ರಲ್ಲಿ ಸ್ಥಾಪನೆಯಾದ ದುಬಾಯಿಯ ಸಂತ ಮರಿಯಮ್ಮನವರ ಚರ್ಚಿನಲ್ಲಿ ಇಂಗ್ಲಿಷಿನೊಂದಿಗೆ ಟಗಾಲೊಗ್, ಕೊಂಕಣಿ, ಮಲಯಾಳ ಭಾಷೆಗಳಲ್ಲೂ ಬಲಿಪೂಜೆ ನಡೆಯುತ್ತದೆ. ಟಗಾಲೊಗ್ ಬಲಿಪೂಜೆಗೆ ಒಮ್ಮೆ ಹೋಗಿ ಬಂದವರು ಹೇಳುವ ಮಾತು ಒಂದೇ: ಅಲ್ಲಿ ಗಾಯನವೃಂದ ಮಾತ್ರವಲ್ಲ, ಇಡೀ ಸಭೆಯೇ ಹಾಡುತ್ತದೆ.

ಇದು ತನ್ನಷ್ಟಕ್ಕೆ ಆದದ್ದಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ತಾಯ್ನುಡಿಯ ಆರಾಧನೆಗೆ ಬಾಗಿಲು ತೆರೆದಾಗ ಫಿಲಿಪ್ಪೀನ್ಸಿನ ಜನರ ಬಳಿ ಲತೀನ್ ಇತ್ತು, ಇಂಗ್ಲಿಷ್ ಇತ್ತು, ತಮ್ಮ ಭಾಷೆಯಲ್ಲಿ ಬಲಿಪೂಜೆಗೆ ಒಪ್ಪುವ ಗೀತೆಗಳು ಬಹಳ ಕಡಿಮೆ ಇದ್ದವು. ಆ ಕೊರತೆಯನ್ನು ನೀಗಲು ಹೊರಟವರು ಯೇಸುಸಭೆಯ ಫಾದರ್ ಎಡುವಾರ್ಡೊ ಹೊಂಟಿವೆರೋಸ್ (1923-2008). ಮಹಿಮಾಗೀತೆ ಮೊದಲಾದವನ್ನು ಜನಸಾಮಾನ್ಯರ ಕೊರಳಿಗೆ ಎಟುಕುವ ಸರಳ ರಾಗಗಳಲ್ಲಿ ಕಟ್ಟಿದರು. ಅವರ ಹಾದಿಯಲ್ಲಿ ಕಿರಿಯ ಯೇಸುಸಭೆಯ ಗುರುಗಳೂ ವಿದ್ಯಾರ್ಥಿಗಳೂ ನಡೆದರು. ಅತೆನೆಯೊದಲ್ಲಿಯೇ 1986ರಲ್ಲಿ ಹುಟ್ಟಿದ 'ಬುಕಾಸ್ ಪಲಾದ್' ತಂಡದ ಹೆಸರಿಗೆ 'ತೆರೆದ ಅಂಗೈ' ಎಂದರ್ಥ. ಯೆಶಾಯನ ಗ್ರಂಥದ 49ನೆಯ ಅಧ್ಯಾಯದಲ್ಲಿ, ತಾಯಿ ತನ್ನ ಕೂಸನ್ನು ಮರೆತರೂ ದೇವರು ಮರೆಯನೆಂಬ ವಾಕ್ಯವನ್ನು ಆಧರಿಸಿ ಫಾದರ್ ಮನೊಲಿಂಗ್ ಫ್ರಾನ್ಸಿಸ್ಕೊ ಕಟ್ಟಿದ ಗೀತೆ ಅಲ್ಲಿನ ಶವಸಂಸ್ಕಾರಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಸಿನಿಮಾ ಗೀತೆಗಳಿಂದ ಹೆಸರು ಮಾಡಿದ ಬಾಸಿಲ್ ವಾಲ್ಡೆಸ್‌ರಂಥ ಗಾಯಕರೂ ಇಂಥ ಗೀತೆಗಳನ್ನು ಮುದ್ರಿಸಿದರು. ಬೀದಿಯ ಹಾಡು ಮತ್ತು ಬಲಿಪೀಠದ ಹಾಡು ಒಂದನ್ನೊಂದು ಅಪರಿಚಿತರಂತೆ ನೋಡಲಿಲ್ಲ.

ಈ ಎರಡೂ ಒಂದಾಗಿ ಹರಿದದ್ದು 1986ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ, 1983ರ ಆಗಸ್ಟ್ 21ರಂದು ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ಮನಿಲಾ ವಿಮಾನ ನಿಲ್ದಾಣದಲ್ಲಿ ಹತರಾದ ಮೇಲೆ, ಒಂದು ಹಳೆಯ ಹಾಡು ಮತ್ತೆ ಜೀವ ತಳೆದಿತ್ತು. ಕವಿ ಹೋಸೆ ಕೊರಾಜನ್ ದೆ ಹೇಸುಸ್ ಅಮೆರಿಕದ ಆಳ್ವಿಕೆಯ ಕಾಲದಲ್ಲಿ ಬರೆದ 'ಬಾಯನ್ ಕೊ', ಅಂದರೆ 'ನನ್ನ ನಾಡು'. ಅಗಿಲಾರರ ಕಂಠದಲ್ಲಿ ಅದು ಸರ್ವಾಧಿಕಾರದ ವಿರುದ್ಧದ ಗೀತೆಯಾಯಿತು. 1986ರ ಫೆಬ್ರವರಿ 22ರ ರಾತ್ರಿ ಕಾರ್ಡಿನಲ್ ಹೈಮೆ ಸಿನ್ ಅವರು ಕಥೋಲಿಕ ಕೇಂದ್ರವಾದ ರೇಡಿಯೋ ವೆರಿತಾಸ್ ಮೂಲಕ ಜನರನ್ನು ಕರೆದರು. ಎಡ್ಸಾ ಎಂಬ ಹೆದ್ದಾರಿಯಲ್ಲಿ ಜಪಸರ ಹಿಡಿದ ಧರ್ಮಭಗಿನಿಯರು ಟ್ಯಾಂಕುಗಳ ಮುಂದೆ ಮೊಣಕಾಲೂರಿದರು. ನಾಲ್ಕನೆಯ ದಿನ ಮಾರ್ಕೋಸ್ ದೇಶ ಬಿಟ್ಟು ಓಡಿದರು. ಆ ಬಳಿಕ ಅಪೊ ತಂಡದ ಜಿಮ್ ಪರೇದೆಸ್ ಬರೆದು ಹಲವು ಗಾಯಕರು ಕೂಡಿ ಹಾಡಿದ, 'ಜಗತ್ತಿಗೆ ಫಿಲಿಪ್ಪೀನ್ಸಿನವರ ಕಾಣಿಕೆ' ಎಂಬರ್ಥದ ಗೀತೆಯ ಸಾಲುಗಳನ್ನು ಅದೇ ಹೆದ್ದಾರಿಯಲ್ಲಿ ಕಟ್ಟಿದ ದೇವಮಾತೆಯ ಪುಣ್ಯಕ್ಷೇತ್ರದ ಗೋಡೆಯಲ್ಲಿ ಕೆತ್ತಲಾಗಿದೆ. ರಕ್ತಪಾತವಿಲ್ಲದೆ ನ್ಯಾಯ ದೊರಕಿಸಿಕೊಳ್ಳುವುದೇ ಆ ಕಾಣಿಕೆ.

ಕಾಣಿಕೆಯನ್ನು ಕೊಟ್ಟವರೇ ಅದನ್ನು ಎಷ್ಟು ಉಳಿಸಿಕೊಂಡರು ಎಂಬ ಪ್ರಶ್ನೆ ಕಹಿಯಾದುದು. 2016ರಲ್ಲಿ ಅಗಿಲಾರ್ ಅವರೇ ರೊಡ್ರಿಗೊ ದುತೆರ್ತೆ ಅವರ ಚುನಾವಣಾ ಪ್ರಚಾರಕ್ಕೆ ಹಾಡಿದರು. ಆ ಅಧ್ಯಕ್ಷರ ಮಾದಕದ್ರವ್ಯ ವಿರೋಧಿ ಕಾರ್ಯಾಚರಣೆಯಲ್ಲಿ ಸಹಸ್ರಾರು ಬಡವರು ಹತರಾದರು. ಅಲ್ಲಿನ ಧರ್ಮಾಧ್ಯಕ್ಷರು ಅದನ್ನು ಬಹಿರಂಗವಾಗಿ ಖಂಡಿಸಿದರು. 2022ರಲ್ಲಿ ಮಾರ್ಕೋಸರ ಮಗನೇ ಅಧ್ಯಕ್ಷನಾಗಿ ಆಯ್ಕೆಯಾದ. ಹಾಡು ಜನರನ್ನು ಬೀದಿಗೆ ತರಬಲ್ಲದು. ಬೀದಿಯಿಂದ ಮನೆಗೆ ಹೋದ ಮೇಲೆ ನೆನಪಿಡುವ ಕೆಲಸ ಹಾಡಿನದಲ್ಲ.

ಆದರೂ ಕೆಲವು ಹಾಡುಗಳು ಮುಂದಾಗಿಯೇ ಎಚ್ಚರಿಸಿದವು ಎಂಬುದನ್ನು ಒಪ್ಪಬೇಕು. 'ಆಸಿನ್' ಎಂಬ ತಂಡವಿತ್ತು. ಆಸಿನ್ ಎಂದರೆ ಉಪ್ಪು. ಲೊಲಿಟಾ ಕಾರ್ಬನ್ ಮತ್ತು ಅವರ ಸಂಗಡಿಗರು 1978ರಲ್ಲಿಯೇ, ನದಿ ಕಪ್ಪಾದುದನ್ನೂ ಗಾಳಿ ಕೆಟ್ಟುದನ್ನೂ ಇನ್ನೂ ಹುಟ್ಟದ ಮಕ್ಕಳ ಪರವಾಗಿ ಪ್ರಶ್ನಿಸಿ ಹಾಡಿದರು. ಮನಿಲಾದ ಪಾಸಿಗ್ ನದಿ ಸತ್ತಿದೆಯೆಂದು ವಿಜ್ಞಾನಿಗಳು ಸಾರಿದ್ದು ಅದಾಗಿ ಹನ್ನೆರಡು ವರ್ಷಗಳ ಮೇಲೆ. ಪೋಪ್ ಫ್ರಾನ್ಸಿಸರ 'ಲೌದಾತೊ ಸಿ' ವಿಶ್ವಪತ್ರ ಬಂದದ್ದು 2015ರಲ್ಲಿ. 1980ರ ದಶಕದ ಕೊನೆಯಲ್ಲಿ ರಯಾನ್ ಕಯಾಬ್ಯಾಬ್ ಹರೆಯದ ಹುಡುಗ ಹುಡುಗಿಯರ ತಂಡವೊಂದನ್ನು ಕಟ್ಟಿ ಅದಕ್ಕೆ ಇಟ್ಟ ಹೆಸರು 'ಸ್ಮೋಕಿ ಮೌಂಟನ್'. ಮನಿಲಾದ ತೊಂಡೊ ಭಾಗದಲ್ಲಿ ಸದಾ ಹೊಗೆಯಾಡುತ್ತಿದ್ದ, ಸಾವಿರಾರು ಕುಟುಂಬಗಳು ಆಯ್ದು ತಿನ್ನುತ್ತಿದ್ದ ಕಸದ ಬೆಟ್ಟದ ಹೆಸರದು. 1995ರಲ್ಲಿ ಅದನ್ನು ಮುಚ್ಚಲಾಯಿತು. ಚೆಂದದ ಮಕ್ಕಳ ತಂಡಕ್ಕೆ ಕಸದ ಗುಡ್ಡೆಯ ಹೆಸರಿಡಲು ಎದೆಗಾರಿಕೆ ಬೇಕು.

ಹಿರಿಯರ ಎದೆಗಾರಿಕೆ ಎಲ್ಲ ಕಾಲಕ್ಕೂ ಒಂದೇ ತೆರನಾಗಿರುವುದಿಲ್ಲ. 1995ರಲ್ಲಿ 'ಇರೇಸರ್‌ಹೆಡ್ಸ್' ಎಂಬ ಯುವಕರ ಬ್ಯಾಂಡಿನ ಹಾಡೊಂದು ಮಾದಕದ್ರವ್ಯವನ್ನು ಪ್ರೋತ್ಸಾಹಿಸುತ್ತದೆ, ಅದನ್ನು ನಿಷೇಧಿಸಬೇಕು ಎಂದು ಸೆನೆಟರ್ ಟಿಟೊ ಸೊಟ್ಟೊ ದೊಡ್ಡ ಗದ್ದಲ ಎಬ್ಬಿಸಿದರು. ಸೊಟ್ಟೊ ಯಾರೆಂದರೆ 1970ರ ದಶಕದಲ್ಲಿ ದೇಶವನ್ನೇ ಕುಣಿಸಿದ 'ವಿ.ಎಸ್.ಟಿ. ಅಂಡ್ ಕಂಪೆನಿ' ತಂಡದ ಹೆಸರಿನಲ್ಲಿರುವ 'ಟಿ' ಅಕ್ಷರದ ಒಡೆಯರು. 1986ರ ಐಕ್ಯಗೀತೆಯೊಂದರ ರಚನೆಯಲ್ಲೂ ಪಾಲ್ಗೊಂಡವರು. ನಿನ್ನೆ ಕುಣಿಸಿದವರು ಇಂದು ಕುಣಿಯುವವರನ್ನು ಗದರಿಸುವುದು ಫಿಲಿಪ್ಪೀನ್ಸಿಗಷ್ಟೇ ಸೀಮಿತವಾದ ವಿದ್ಯಮಾನವಲ್ಲ. ಆ ಹುಡುಗರು ಹಾಡುತ್ತಲೇ ಇದ್ದರು. ಅವರ ಕೇಳುಗರು ಇಂದು ತಂದೆತಾಯಿಯರಾಗಿ ತಮ್ಮ ಮಕ್ಕಳ ಹಾಡನ್ನು ಕೇಳಿ ಮೂಗು ಮುರಿಯುತ್ತಿರಬಹುದು.

ಈಗ ನಮ್ಮತ್ತ ಒಂದು ನೋಟ. ಹಾಡು ಕಟ್ಟಿದವರು ನಮ್ಮಲ್ಲಿಲ್ಲದಿಲ್ಲ. 'ಕೊಂಕಣ ಕೋಗಿಲೆ' ವಿಲ್ಫಿ ರೆಬಿಂಬಸ್ (1942-2010) ಊರೂರಿನ ವೇದಿಕೆಗಳಲ್ಲೂ ಕೊಲ್ಲಿಯ ಸಭಾಂಗಣಗಳಲ್ಲೂ ತಾಯ್ನುಡಿಯನ್ನು ಹಾಡಿಸಿದರು. ಎಡ್ಸಾ ಕ್ರಾಂತಿಯ ವರ್ಷವೇ ಮಂಗಳೂರಿನಲ್ಲಿ 'ಮಾಂಡ್ ಸೊಭಾಣ್' ಹುಟ್ಟಿತು. ಕನ್ನಡದಲ್ಲಿಯೂ ಎಷ್ಟೋ ಗುರುಗಳು, ಉಪದೇಶಿಗಳು ಹೆಸರು ಬಯಸದೆ ಸೊಗಸಾದ ಗೀತೆಗಳನ್ನು ರಚಿಸಿದ್ದಾರೆ. ಆದರೆ ಇಂದು ನಗರದ ಒಂದು ಮದುವೆಗೆ ಹೋಗಿ ನೋಡಿ. ಬಲಿಪೂಜೆ ಇಂಗ್ಲಿಷಿನಲ್ಲಿ, ಗೀತೆಗಳು ಅಮೆರಿಕದವು, ಸಭಾಂಗಣದಲ್ಲಿ ಧ್ವನಿವರ್ಧಕದ ಆರ್ಭಟ. ರೋಸಿನ ಸಂಜೆ ಹಾಡಲು ಬಲ್ಲ ಹಿರಿಯ ಹೆಂಗಸರನ್ನು ಹುಡುಕಬೇಕಾಗಿದೆ. 'ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದು, ಕೊಂಕಣಿ ನಾಲಗೆಗೆ ಹೊರಳದು, ಅದಕ್ಕಾಗಿ ಇಂಗ್ಲಿಷ್' ಎಂದು ಗಾಯನವೃಂದದವರು ಸಮಜಾಯಿಷಿ ಹೇಳುತ್ತಾರೆ. ಬಹುಭಾಷೆಯ ಜನರಿರುವ ಬೆಂಗಳೂರಿನಂಥ ನಗರದ ಧರ್ಮಕೇಂದ್ರಗಳ ತೊಡಕು ನನಗೆ ಗೊತ್ತಿಲ್ಲದ್ದಲ್ಲ. ಅಲ್ಲಿ ಒಂದು ಭಾಷೆಯ ಪರ ಮಾತನಾಡುವುದೇ ಇನ್ನೊಂದಕ್ಕೆ ಎದುರಾಗಿ ಕೇಳಿಸುತ್ತದೆ. ಆದರೆ ಇಂಗ್ಲಿಷನ್ನು ನಮಗಿಂತ ಹೆಚ್ಚು ಆಳವಾಗಿ, ಶಾಲೆ ಸರ್ಕಾರಗಳ ಮಟ್ಟದಲ್ಲಿ ಮೈಗೂಡಿಸಿಕೊಂಡ ಫಿಲಿಪ್ಪೀನ್ಸಿನವರು ಗಂಟೆಗೆ ಒಂದು ಹಾಡಿನಿಂದ ಆರಂಭಿಸಿದರು. ಪ್ರತಿ ಭಾನುವಾರದ ಇಂಗ್ಲಿಷ್ ಬಲಿಪೂಜೆಯಲ್ಲಿ ಪರಮಪ್ರಸಾದದ ವೇಳೆಗೆ ಒಂದು ಕನ್ನಡ ಅಥವಾ ಕೊಂಕಣಿ ಗೀತೆ ಎಂಬ ನಿಯಮವನ್ನು ಯಾವ ಧರ್ಮಕೇಂದ್ರದ ಪಾಲನಾ ಮಂಡಳಿಯಾದರೂ ಒಂದು ವರ್ಷ ನಡೆಸಿ ನೋಡಬಹುದು. ಖರ್ಚಿನ ಬಾಬತ್ತು ಅಲ್ಲವೇ ಅಲ್ಲ.

'ಸ್ವಂತ ಹಾಡು' ಎಂದರೆ ಭಾಷೆಯ ಹಟವೆಂದು ಯಾರೂ ತಿಳಿಯಬೇಕಾಗಿಲ್ಲ. ಫಿಲಿಪ್ಪೀನ್ಸಿನಲ್ಲಿ ಅತಿ ಹೆಚ್ಚು ಕೇಳಿಬರುವ ಕ್ರಿಸ್ಮಸ್ ಗೀತೆ ಇಂಗ್ಲಿಷಿನಲ್ಲಿದೆ. ಇಲೊಯಿಲೊ ಎಂಬ ಊರಿನವರಾದ, ಸಕ್ಕರೆ ವ್ಯಾಪಾರವನ್ನೂ ಹಾಡನ್ನೂ ಒಟ್ಟಿಗೆ ನಡೆಸಿದ ಹೋಸೆ ಮಾರಿ ಚಾನ್ ತಮ್ಮ ಮಗಳ ಜೊತೆ ಹಾಡಿ 1990ರಲ್ಲಿ ಹೊರತಂದದ್ದು ಅದು. ರಾಗವನ್ನು ಅವರು ಮೊದಲು ಕಟ್ಟಿದ್ದು ನೀರನ್ನು ಕುರಿತ ಒಂದು ಟಗಾಲೊಗ್ ಕವನಕ್ಕೆ. ಆಮೇಲೆ ರಿನಾ ಕನೀಸಾ ಎಂಬ ಯುವತಿಯೊಡನೆ ಸೇರಿ ಅದಕ್ಕೆ ಕ್ರಿಸ್ಮಸ್ಸಿನ ಮಾತುಗಳನ್ನು ಹೊಂದಿಸಿದರು. ಹಿಮವಿಲ್ಲ, ಜಾರುಬಂಡಿಯಿಲ್ಲ, ಬೀದಿಯಲ್ಲಿ ಲಾಂದ್ರ ಮಾರುವ ಮಕ್ಕಳು, ಕೊಡುಗೆಗಳು, ಸಮುದಾಯದ ಪ್ರಾರ್ಥನೆ, ಗೋದಲಿಯ ಕಂದ. ಆ ನಾಡಿನಲ್ಲಿ ಕ್ರಿಸ್ಮಸ್ ಕಾಲ ಶುರುವಾಗುವುದೇ ಸೆಪ್ಟೆಂಬರ್ ಒಂದರಂದು. ಅಂದು ಬೆಳಿಗ್ಗೆ ಅಂಗಡಿಗಳಲ್ಲಿ ಮುದುಕ ಚಾನರ ದನಿ ಮೊಳಗತೊಡಗಿದರೆ ಡಿಸೆಂಬರ್ 16ರಿಂದ 24ರವರೆಗೆ ಕೋಳಿ ಕೂಗುವ ಮುನ್ನ ನಡೆಯುವ ಒಂಬತ್ತು ಬಲಿಪೂಜೆಗಳು ಮುಗಿಯುವತನಕ ನಿಲ್ಲುವುದಿಲ್ಲ. ಆ ಒಂಬತ್ತು ಮುಂಜಾವುಗಳಲ್ಲಿ ಚರ್ಚಿನಿಂದ ಹೊರಬಂದವರಿಗೆ ಬಿಸಿ ಅಕ್ಕಿ ತಿಂಡಿ ಮಾರುವವರು ಅಂಗಳದಲ್ಲೇ ಕಾದಿರುತ್ತಾರೆ. ದುಬಾಯಿ, ಬಹ್ರೇನ್, ಕುವೈತುಗಳಲ್ಲಿ ಅವರ ಪಕ್ಕದ ಕೋಣೆಯಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೂ ಆ ಹಾಡು ಈಗ ಬಾಯಿಪಾಠವಾಗಿದೆ.